ಹಳೆಯ ಲಿನನ್, ಲೇಸು, ಮನೆಸಾಮಾನು: ಕೊಳ್ಳುವಾಗ ಏನು ನೋಡಬೇಕು, ತಂದ ಮೇಲೆ ಮೊದಲು ಏನು ಮಾಡಬೇಕು?

ಹಳೇಪೆಟ್ಟಿಗೆ:

ಎಲ್ಲರಿಗೂ ನಮಸ್ಕಾರ. ಹಳೆಯ ಸಾಮಾನಿನ ಅಂಗಡಿಯಿಂದ ಒಂದೇ ಗಂಟಿನಲ್ಲಿ ತಂದ ವಸ್ತುಗಳ ಬಗ್ಗೆ ತಿಳಿದವರ ಸಲಹೆ ಬೇಕು. ಬಿಳಿಯ ಮೇಲೆ ಬಿಳಿ ಹೂಬಳ್ಳಿ ನೇಯ್ದ ಒಂದು ಟೇಬಲ್ ಕ್ಲಾತ್ ಇದೆ, 150 × 220 ಸೆಂ.ಮೀ. ಅದೇ ನೇಯ್ಗೆಯ ಆರು ನ್ಯಾಪ್ಕಿನ್‌ಗಳಿವೆ. ಒಂದು ಜೋಡಿ ದಿಂಬಿನ ಕವರ್, ಮೂಲೆಯಲ್ಲಿ ಕೆಂಪು ದಾರದಿಂದ ಎರಡು ಅಕ್ಷರ, ಕೆಳಗೆ 6 ಅನ್ನುವ ಅಂಕಿ. ಲೇಸ್ ಅಂಚಿನ ಒಂದು ಟ್ರೇ ಬಟ್ಟೆ. ಜತೆಗೆ ಮೈಯೆಲ್ಲ ಕೂದಲೆಳೆಯಂಥ ಬಿರುಕಿರುವ ಪಿಂಗಾಣಿ ಬಟ್ಟಲು, ಕಪ್ಪಾದ ಎರಡು ಹಿತ್ತಾಳೆ ಮೇಣದಬತ್ತಿ ಸ್ಟ್ಯಾಂಡು.

ತೊಂದರೆ ಏನೆಂದರೆ, ಬಟ್ಟೆಗಳ ಮಡಿಕೆ ಗೆರೆಯುದ್ದಕ್ಕೂ ಹಳದಿ. ಟೇಬಲ್ ಕ್ಲಾತ್ ಮೇಲೆ ಕಡಲೆಕಾಳಿನಷ್ಟಿರುವ ಎರಡು ಕಂದು ಕಲೆ. ಎಲ್ಲಕ್ಕೂ ನುಸಿಗುಳಿಗೆಯ ವಾಸನೆ. ಇನ್ನೂ ನೀರು ಮುಟ್ಟಿಸಿಲ್ಲ.

ಕೇಳಬೇಕಿರುವುದು ಇಷ್ಟು: ಇದು ಲಿನನ್ನೋ (ಅಗಸೆ ನಾರಿನ ಬಟ್ಟೆ) ಹತ್ತಿಯೋ ಹೇಗೆ ತಿಳಿಯುವುದು? ಒಗೆಯುವ ಕ್ರಮ ಹೇಗಿರಬೇಕು, ಬ್ಲೀಚ್ ಹಾಕಬಹುದೇ? ಬಟ್ಟಲು ಮತ್ತು ಹಿತ್ತಾಳೆ ಬಳಕೆಗೆ ಬರುತ್ತವೆಯೇ? ಮುಂದಿನ ಸಲ ಕೊಳ್ಳುವ ಮೊದಲೇ ಏನೇನು ನೋಡಿಕೊಳ್ಳಬೇಕು?

ಹಾಸುಹೊಕ್ಕು:

ನೀರು ಮುಟ್ಟಿಸದೆ ಕೇಳಿದ್ದು ಬಹಳ ಒಳ್ಳೆಯದಾಯಿತು. ಹಳೆಯ ಬಟ್ಟೆಗಳು ಹಾಳಾಗುವುದು ಹೆಚ್ಚಾಗಿ ಮನೆಗೆ ಬಂದ ಮೊದಲ ದಿನವೇ. ಐವತ್ತು ವರ್ಷ ಪೆಟ್ಟಿಗೆಯಲ್ಲಿ ಉಳಿದುಬಂದದ್ದು ಒಂದು ಗಂಟೆಯಲ್ಲಿ ಹೋಗುತ್ತದೆ. ಮೊದಲು ನಾರು ಯಾವುದು, ಅದರಲ್ಲಿ ಎಷ್ಟು ಬಲ ಉಳಿದಿದೆ, ಕಲೆ ಯಾವುದರದ್ದು, ಈ ಮೂರು ಗೊತ್ತಾಗಬೇಕು. ಒಗೆಯುವ ಮಾತು ಆಮೇಲೆ.

ನೀವು ವರ್ಣಿಸಿದ ಬಿಳಿ ಮೇಲೆ ಬಿಳಿ ನೇಯ್ಗೆ ಡಮಾಸ್ಕ್. ಕಿಟಕಿಯ ಪಕ್ಕ ಹಿಡಿದು, ಬೆಳಕು ಓರೆಯಾಗಿ ಬೀಳುವಂತೆ ನಿಧಾನವಾಗಿ ತಿರುಗಿಸಿ. ಒಂದು ಕೋನದಲ್ಲಿ ಹೂವು ಮಂಕಾಗಿ ನೆಲ ಹೊಳೆಯುತ್ತದೆ, ಇನ್ನಷ್ಟು ತಿರುಗಿಸಿದರೆ ಹೂವು ಹೊಳೆದು ನೆಲ ಮಂಕಾಗುತ್ತದೆ. ಹೂವಿನಲ್ಲಿ ಹೊಕ್ಕಿನ (ಅಡ್ಡ) ಎಳೆ ಮೇಲೆ ತೇಲುತ್ತದೆ, ನೆಲದಲ್ಲಿ ಹಾಸಿನ (ಉದ್ದ) ಎಳೆ. ಬಣ್ಣ ಒಂದೇ, ಎಳೆಯ ದಿಕ್ಕು ಮಾತ್ರ ಬೇರೆ. ಹಿಂಬದಿಯಲ್ಲಿ ಇದೇ ಚಿತ್ತಾರ ಅದಲುಬದಲಾಗಿ ಕಾಣಬೇಕು. ಒಂದೇ ಬದಿಗೆ ಕಂಡರೆ ಅದು ಅಚ್ಚು ಒತ್ತಿದ್ದು ಅಥವಾ ಉಬ್ಬು ಹೊಡೆದದ್ದು.

ನಾರಿನ ಪರೀಕ್ಷೆಗೆ ಹೆಮ್ (ಮಡಿಸಿ ಹೊಲಿದ ಅಂಚು) ಒಳಗಿನಿಂದ 5 ಸೆಂ.ಮೀ. ಉದ್ದದ ಒಂದೇ ಎಳೆ ಸಾಕು. ಅದರ ಹುರಿ ಬಿಚ್ಚಿ ಎರಡೂ ತುದಿ ಹಿಡಿದು ಎಳೆಯಿರಿ. ಹತ್ತಿಯ ನಾರು ಸಾಮಾನ್ಯವಾಗಿ 2ರಿಂದ 4 ಸೆಂ.ಮೀ. ಇರುವುದರಿಂದ ತುಂಡಾದ ತುದಿ ಮೃದುವಾಗಿ, ಬ್ರಶ್ಶಿನ ಹಾಗೆ ಅರಳುತ್ತದೆ. ಲಿನನ್ ನಾರು ಅದಕ್ಕಿಂತ ಬಹಳ ಉದ್ದ, ಹಾಗಾಗಿ ತುದಿ ಚೂಪಾಗಿ, ಒಂದು ಎಳೆ ಉದ್ದ ಒಂದು ಗಿಡ್ಡವಾಗಿ, ಗರಿಗರಿಯಾಗಿ ನಿಲ್ಲುತ್ತದೆ. ಅನುಮಾನ ಉಳಿದರೆ ಅದೇ ಎಳೆಯನ್ನು ಚಿಮಟದಲ್ಲಿ ಹಿಡಿದು ಸ್ಟೀಲ್ ತಟ್ಟೆಯ ಮೇಲೆ ಸುಡಿ. ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿದರೆ ಹತ್ತಿ ಅಥವಾ ಲಿನನ್ (ರೇಯಾನ್ ಕೂಡ ಹೀಗೇ ಸುಡುತ್ತದೆ). ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ ಅಥವಾ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರಿನಂಥ ಕೃತಕ ನಾರು ಬೆರೆತಿದೆ, ಅದು ಪಾಲಿಯೆಸ್ಟರೇ ಆದರೆ 1950ಕ್ಕಿಂತ ಬಹಳ ಹಿಂದಿನದು ಅನ್ನುವ ಮಾತು ಸುಳ್ಳು.

ನೀರಿನ ಹನಿ ಬಿಟ್ಟು ನೋಡುವ ಪರೀಕ್ಷೆಯನ್ನು ನಂಬಬೇಡಿ. ಲಿನನ್ ಬೇಗ ಹೀರುತ್ತದೆ ಅನ್ನುವುದು ನಿಜ, ಆದರೆ ಗಂಜಿ ಉಳಿದಿದ್ದರೆ ಲಿನನ್ ಮೇಲೂ ಹನಿ ನಿಲ್ಲುತ್ತದೆ.

ಇನ್ನು ಬಲ. ಬಟ್ಟೆಯನ್ನು ಬೆಳಕಿಗೆ ಅಡ್ಡ ಹಿಡಿದು ಮಡಿಕೆ ಗೆರೆಗಳನ್ನು ನೋಡಿ. ನಾರು ಮೊದಲು ಮುರಿಯುವುದು ಅಲ್ಲಿಯೇ. ಗೆರೆಯ ಉದ್ದಕ್ಕೂ ಸೂಜಿಮೊನೆಯಂಥ ಬೆಳಕಿನ ಚುಕ್ಕೆ ಕಂಡರೆ ಬಟ್ಟೆ ಅಲ್ಲಿ ಸವೆದಿದೆ. ಆಮೇಲೆ ಎರಡು ಹೆಬ್ಬೆರಳ ನಡುವೆ 3 ಸೆಂ.ಮೀ. ಜಾಗ ಬಿಟ್ಟು ಮೆಲ್ಲನೆ ಹೊರಕ್ಕೆ ಒತ್ತಿ. ಗಟ್ಟಿ ಬಟ್ಟೆ ಸದ್ದಿಲ್ಲದೆ ಬಿಗಿಯಾಗುತ್ತದೆ. ಒಣ ಎಲೆ ಮುರಿದಂತೆ ಚಿಟಿಚಿಟಿ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ. ಅಂಥದ್ದನ್ನು ಒಗೆಯುವ ಮಾತು ಬೇಡ.

ಬಿಸಿಲುಮಚ್ಚು:

ಒಗೆತದ ಕ್ರಮ ನಾನು ಬರೆಯುತ್ತೇನೆ. ಮೇಲಿನ ಪರೀಕ್ಷೆಯಲ್ಲಿ ಪಾಸಾದ ಬಿಳಿ ಹತ್ತಿ, ಬಿಳಿ ಲಿನನ್‌ಗೆ ಮಾತ್ರ ಇದು ಹೊಂದುತ್ತದೆ.

ಮೊದಲು ವಾಸನೆ. ನುಸಿಗುಳಿಗೆಯ ನಾಫ್ತಲೀನ್ ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಎಷ್ಟು ಸಲ ಒಗೆದರೂ ವಾಸನೆ ಹಾಗೇ ಇರುವುದು ಅದಕ್ಕೇ. ಆದರೆ ಅದು ಗಾಳಿಯಲ್ಲಿ ನೇರವಾಗಿ ಆವಿಯಾಗುತ್ತದೆ. ಬಟ್ಟೆಗಳನ್ನು ಪೂರ್ತಿ ಬಿಡಿಸಿ, ನೆರಳಿನಲ್ಲಿ ಗಾಳಿಯಾಡುವ ಕಡೆ ನಾಲ್ಕರಿಂದ ಏಳು ದಿನ ಹರವಿ, ದಿನಕ್ಕೊಮ್ಮೆ ಮಗುಚಿ ಹಾಕಿ. ಬೆಚ್ಚಗಿನ ದಿನವಾದರೆ ಬೇಗ ಹೋಗುತ್ತದೆ. ಮಲಗುವ ಕೋಣೆಯಲ್ಲಿ ಹರವಬೇಡಿ, ಆ ಆವಿ ಉಸಿರಾಡುವಂಥದ್ದಲ್ಲ. ಸುಗಂಧ ಸಿಂಪಡಿಸಿದರೆ ಎರಡು ವಾಸನೆ ಸೇರಿ ಇನ್ನೂ ಕೆಡುತ್ತದೆ.

ಆಮೇಲೆ ಬರೀ ನೀರು. ಅಗಲ ಟಬ್ಬಿನ ತಳದಲ್ಲಿ ಒಂದು ಹಳೆಯ ಬೆಡ್‌ಶೀಟ್ ಹಾಸಿ, ಅದರ ಮೇಲೆ ಟೇಬಲ್ ಕ್ಲಾತನ್ನು ಸಡಿಲವಾಗಿ ಮಡಿಸಿಟ್ಟು ಉಗುರುಬೆಚ್ಚಗಿನ ನೀರು ತುಂಬಿ. ಸೋಪು ಬೇಡ. ಒಂದೆರಡು ಗಂಟೆಯಲ್ಲಿ ನೀರು ಕಡು ಚಹಾದ ಬಣ್ಣಕ್ಕೆ ತಿರುಗುತ್ತದೆ. ಗಾಬರಿ ಬೇಡ, ಅದು ಬಟ್ಟೆಯ ಬಣ್ಣವಲ್ಲ. ವರ್ಷಗಳ ಕಾಲ ನಾರು ನಿಧಾನವಾಗಿ ಒಡೆದು ಹುಟ್ಟಿದ ಹುಳಿ ಪದಾರ್ಥ, ಹಳೆಯ ಗಂಜಿ, ಉಳಿದುಹೋದ ಸೋಪು ಎಲ್ಲ ಹೊರಬರುತ್ತಿದೆ. ನೀರು ಚೆಲ್ಲಿ ಹೊಸದು ತುಂಬಿ. ಮೂರು ನಾಲ್ಕು ಸಲ ಹೀಗೆ ಮಾಡಿ, ಕೊನೆಯ ನೀರಿನಲ್ಲಿ ರಾತ್ರಿಯಿಡೀ ಬಿಡಿ. ಮಡಿಕೆಯ ಹಳದಿ ಅರ್ಧಕ್ಕರ್ಧ ಇಷ್ಟಕ್ಕೇ ಇಳಿಯುವುದುಂಟು.

ನೀರು ತಿಳಿಯಾದ ಮೇಲೆ 5 ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ದೊಡ್ಡ ಚಮಚ ಬಣ್ಣ ವಾಸನೆ ಇಲ್ಲದ ದ್ರವ ಸೋಪು ಹಾಕಿ, ಅಂಗೈಯಿಂದ ಒತ್ತಿ ಒತ್ತಿ ಬಿಡಿ. ಉಜ್ಜುವುದು, ಕುಕ್ಕುವುದು, ಹಿಂಡುವುದು ಯಾವುದೂ ಬೇಡ. ಡಮಾಸ್ಕಿನಲ್ಲಿ ತೇಲುವ ಎಳೆಗಳು ಉದ್ದವಾಗಿರುತ್ತವೆ, ಉಜ್ಜಿದರೆ ಅವೇ ಮೊದಲು ತುಂಡಾಗಿ ಜೂಲು ಏಳುತ್ತವೆ.

ಹಳದಿ ಇನ್ನೂ ಉಳಿದಿದ್ದರೆ ಸೋಡಿಯಂ ಪರ್‌ಕಾರ್ಬೊನೇಟ್ ಬಳಸಿ. ಆಕ್ಸಿಜನ್ ಬ್ಲೀಚ್ ಎಂದು ಸಿಗುವ ಬಿಳಿ ಪುಡಿ. ಲೀಟರಿಗೆ 5 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚ. ನೀರು 40ರಿಂದ 50 ಡಿಗ್ರಿ ಸೆಲ್ಸಿಯಸ್ ಇರಲಿ, ತಣ್ಣೀರಿನಲ್ಲಿ ಅದು ಬಹಳ ನಿಧಾನ. ಮೊದಲು ಪುಡಿಯನ್ನು ಪೂರ್ತಿ ಕರಗಿಸಿ, ಆಮೇಲೆ ಬಟ್ಟೆ ಇಳಿಸಿ, ನೀರಿನ ಮೇಲೆ ತೇಲದಂತೆ ಬಿಳಿ ತಟ್ಟೆಯೊಂದನ್ನು ಹೇರಿ 6 ಗಂಟೆ ಬಿಡಿ. ಅಷ್ಟರಲ್ಲಿ ಅದರ ಶಕ್ತಿ ಹೆಚ್ಚೂಕಡಿಮೆ ಮುಗಿದಿರುತ್ತದೆ. ಇನ್ನೂ ಬೇಕಿದ್ದರೆ ಹೊಸ ನೀರು ಹೊಸ ಪುಡಿ, ಅದೇ ನೀರಿಗೆ ಮತ್ತೆ ಸುರಿಯಬೇಡಿ. ಕರಗಿಸಿದ ನೀರನ್ನು ಬಾಟಲಿಗೆ ತುಂಬಿ ಮುಚ್ಚಳ ಬಿಗಿದಿಡಬಾರದು, ಆಮ್ಲಜನಕ ಹೊರಬರುತ್ತಲೇ ಇದ್ದು ಬಾಟಲಿ ಸಿಡಿಯಬಹುದು. ರೇಷ್ಮೆ, ಉಣ್ಣೆಗೆ ಇದು ಕೂಡದು, ಅದರ ಕ್ಷಾರ ಅವನ್ನು ತಿನ್ನುತ್ತದೆ.

ಕ್ಲೋರಿನ್ ಬ್ಲೀಚ್ ಹತ್ತಿರಕ್ಕೂ ತರಬೇಡಿ. ಆ ದಿನ ಬೆಳ್ಳಗೆ ಕಾಣುತ್ತದೆ ನಿಜ, ಆದರೆ ಹಳೆಯ ನಾರು ಅದರಿಂದ ಇನ್ನಷ್ಟು ಒಡೆಯುತ್ತದೆ.

ಕೊನೆಗೆ ಜಾಲಾಡಿಸುವುದು, ಕಡಿಮೆಯೆಂದರೆ ನಾಲ್ಕು ನೀರು. ಇಲ್ಲಿ ಸೋಮಾರಿತನ ಮಾಡಿದರೆ ಇಸ್ತ್ರಿ ಪೆಟ್ಟಿಗೆ ಹಿಡಿದ ತಕ್ಷಣ ಕಂದು ಬಣ್ಣ ಏಳುತ್ತದೆ. ಅದು ಬಟ್ಟೆ ಸುಟ್ಟದ್ದಲ್ಲ, ಉಳಿದ ಸೋಪು ಸುಟ್ಟದ್ದು. ಎತ್ತುವಾಗ ತಳದ ಬೆಡ್‌ಶೀಟ್ ಸಮೇತ ಎತ್ತಿ. ನೀರು ಕುಡಿದ ಟೇಬಲ್ ಕ್ಲಾತ್ ಬಹಳ ಭಾರ, ಎರಡು ಮೂಲೆ ಹಿಡಿದು ಎತ್ತಿದರೆ ತನ್ನ ಭಾರಕ್ಕೆ ತಾನೇ ಸೀಳುತ್ತದೆ. ದಪ್ಪ ಟವಲಿನಲ್ಲಿ ಸುರುಳಿ ಸುತ್ತಿ ಒತ್ತಿ ನೀರು ತೆಗೆಯಿರಿ, ಆಮೇಲೆ ಸಮತಟ್ಟಾದ ಕಡೆ ಹರವಿ.

ಹುಲ್ಲಿನ ಮೇಲೆ ಒದ್ದೆ ಲಿನನ್ ಹರವಿ ಬಿಸಿಲಿನಲ್ಲಿ ಬೆಳ್ಳಗಾಗಿಸುವುದು ಬಹಳ ಹಳೆಯ ಪದ್ಧತಿ, ಈಗಲೂ ಚೆನ್ನಾಗಿ ಕೆಲಸ ಮಾಡುತ್ತದೆ. ಎರಡು ಮೂರು ಗಂಟೆ, ಒಣಗದಂತೆ ನೀರು ಚಿಮುಕಿಸುತ್ತಾ. ಅದೇ ಬಿಸಿಲು ನಾರನ್ನೂ ಸವೆಸುತ್ತದೆ, ಆದ್ದರಿಂದ ದಿನಗಟ್ಟಲೆ ಬೇಡ.

ಸೂಜಿದಾರ:

ಬಿಸಿಲುಮಚ್ಚು ಅವರು ಬರೆದದ್ದೆಲ್ಲ ಸರಿ, ಆದರೆ ಒಂದು ಮುಖ್ಯವಾದ ಮಾತು ಸೇರಲೇಬೇಕು. ಆ ಎರಡು ಕಂದು ಕಲೆ ತುಕ್ಕಾಗಿದ್ದರೆ ಪರ್‌ಕಾರ್ಬೊನೇಟಿನಲ್ಲಿ ನೆನೆಸುವ ಮೊದಲು ಅದನ್ನು ತೆಗೆಯಬೇಕು. ಆ ಪುಡಿ ನೀರಿನಲ್ಲಿ ಬಿಡುವ ಪೆರಾಕ್ಸೈಡಿಗೆ ಕಬ್ಬಿಣ ತಾಗಿದರೆ ಆ ಒಂದೇ ಜಾಗದಲ್ಲಿ ಕ್ರಿಯೆ ವಿಪರೀತ ಜೋರಾಗಿ ನಡೆದು ನಾರನ್ನೇ ತಿಂದುಬಿಡುತ್ತದೆ. ಕಲೆ ಹೋಯಿತು ಅಂದುಕೊಳ್ಳುವಷ್ಟರಲ್ಲಿ ಅಲ್ಲಿ ತೂತು ಇರುತ್ತದೆ. ಕ್ಲೋರಿನ್ನಿನಿಂದ ತುಕ್ಕು ಹೋಗುವುದೂ ಇಲ್ಲ, ಇನ್ನೂ ಗಟ್ಟಿಯಾಗಿ ಕೂರುತ್ತದೆ.

ತುಕ್ಕು ಹೌದೋ ಅಲ್ಲವೋ ನೋಡುವುದು ಸುಲಭ. ತುಕ್ಕಿನ ಕಲೆ ಕಿತ್ತಳೆ ಕಡೆಗೆ ವಾಲುವ ಕಂದು, ಅಂಚು ಸ್ಪಷ್ಟ, ಕೆಲವೊಮ್ಮೆ ಗುಂಡುಪಿನ್ನಿನ ಅಥವಾ ಹುಕ್ಕಿನ ಆಕಾರವೇ ಮೂಡಿರುತ್ತದೆ. ಒಂದು ಹನಿ ನಿಂಬೆರಸ ಬಿಟ್ಟು ಹತ್ತು ನಿಮಿಷ ಕಾಯಿರಿ, ತಿಳಿಯಾಗತೊಡಗಿದರೆ ತುಕ್ಕು. ಬೂಷ್ಟಾದರೆ ಬೂದು ಅಥವಾ ಕಪ್ಪು ಚುಕ್ಕೆಗಳು ಗುಂಪಾಗಿ ಹರಡಿರುತ್ತವೆ. ಎಣ್ಣೆಯ ಹಳೆಯ ಕಲೆ ಹಳದಿ, ಬೆಳಕಿಗೆ ಹಿಡಿದರೆ ಆ ಜಾಗ ಪಾರದರ್ಶಕ. ಸಕ್ಕರೆ ಇದ್ದ ಪಾನೀಯ ಚೆಲ್ಲಿದ್ದು ಅಂದು ಕಾಣದೆ, ವರ್ಷಗಳ ಮೇಲೆ ಕಂದಾಗಿ ಮೇಲೇಳುತ್ತದೆ.

ತುಕ್ಕಿಗೆ 100 ಮಿ.ಲೀ. ಬೆಚ್ಚಗಿನ ನೀರಿನಲ್ಲಿ 5 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ. ಬಟ್ಟೆ ಪೂರ್ತಿ ಒದ್ದೆಯಾಗಿರಲಿ, ಇಲ್ಲದಿದ್ದರೆ ಹರಡಿದ ಅಂಚಿನಲ್ಲಿ ಉಂಗುರದಂಥ ಹೊಸ ಗೆರೆ ನಿಲ್ಲುತ್ತದೆ. ಕಲೆಯ ಅಡಿಗೆ ಮಡಿಸಿದ ಬಿಳಿ ಬಟ್ಟೆ ಇಟ್ಟು, ಹತ್ತಿಯಲ್ಲಿ ಅದ್ದಿ ತಟ್ಟಿ, 15 ನಿಮಿಷ ಬಿಡಿ, ತೊಳೆಯಿರಿ. ಒಂದೇ ಸಲಕ್ಕೆ ಹೋಗುವುದಿಲ್ಲ, ನಾಲ್ಕೈದು ಸಲ ಬೇಕಾಗಬಹುದು. ಸಾಂದ್ರತೆ ಹೆಚ್ಚಿಸುವ ಆಸೆ ಬೇಡ. ಮತ್ತು ಹುಳಿ ಬಟ್ಟೆಯಲ್ಲೇ ಒಣಗಬಾರದು, ಒಣಗಿದರೆ ಅದೇ ನಾರನ್ನು ಪುಡಿ ಮಾಡುತ್ತದೆ.

ದಿಂಬಿನ ಕವರಿನ ಕೆಂಪು ದಾರದ ವಿಚಾರ ಬೇರೆ. ಹತ್ತಿಯನ್ನು ಒದ್ದೆ ಮಾಡಿ ದಾರದ ಮೇಲೆ 5 ನಿಮಿಷ ಒತ್ತಿ ಇಡಿ, ಹಿಂಬದಿಯಲ್ಲೂ ಹಾಗೇ. ಒಂದು ಸಲ ಬರೀ ನೀರಿನಲ್ಲಿ, ಇನ್ನೊಂದು ಸಲ ನೀವು ಬಳಸಲಿರುವ ಸೋಪಿನ ನೀರಿನಲ್ಲಿ. ಗುಲಾಬಿ ಅಂಟಿದರೆ ನೆನೆಹಾಕಬೇಡಿ.

ಆ 6ರ ಬಗ್ಗೆ ಹೇಳಲೇಬೇಕು, ಹಳೆಯ ಲಿನನ್ ಹುಡುಕುವುದರ ಸುಖವೇ ಇಂಥದ್ದರಲ್ಲಿ ಇರುವುದು. ಅಕ್ಷರಗಳು ಮನೆಯವರ ಗುರುತು. ಅಂಕಿ ಆ ಜತೆಯಲ್ಲಿ ಎಷ್ಟು ಇವೆ ಅಥವಾ ಇದು ಎಷ್ಟನೆಯದು ಅನ್ನುವ ಲೆಕ್ಕ, ಒಗೆಯಲು ಕೊಟ್ಟದ್ದು ಸರಿಯಾಗಿ ವಾಪಸು ಬರಲಿ, ಒಂದೇ ಜೋಡಿ ಪದೇ ಪದೇ ಸವೆಯದಿರಲಿ ಎಂದು. ಇಂಥ ಗುರುತು ಹೆಚ್ಚಾಗಿ ಎಳೆ ಎಣಿಸಿ ಹಾಕಿದ ಅಡ್ಡಹೊಲಿಗೆ. ಹಿಂಬದಿ ತಿರುಗಿಸಿ ನೋಡಿ: ಒಂದು ಅಕ್ಷರದಿಂದ ಇನ್ನೊಂದಕ್ಕೆ ದಾರ ಜಿಗಿದಿದ್ದರೆ, ಗಂಟಿಲ್ಲದೆ ತುದಿಯನ್ನು ಹೊಲಿಗೆಯ ಕೆಳಗೆ ತೂರಿಸಿದ್ದರೆ ಕೈಕೆಲಸ. ಮಿಷನ್ನಿನದಾದರೆ ಹಿಂಬದಿಯಲ್ಲಿ ಬೇರೆಯದೇ ತೆಳು ದಾರ, ಎಲ್ಲ ಹೊಲಿಗೆಯೂ ಒಂದೇ ಅಚ್ಚು.

ಹಾಗೆಯೇ ಹಳೆಯ ಬೆಡ್‌ಶೀಟಿನ ನಟ್ಟನಡುವೆ ಉದ್ದಕ್ಕೂ ಒಂದು ಜೋಡಣೆ ಕಂಡರೆ ಅದನ್ನು ಕೊರತೆ ಎಂದು ಬಿಟ್ಟುಬರಬೇಡಿ. ಜೋಡಣೆಯಲ್ಲಿ ಎರಡು ಸ್ವಂತ ಅಂಚುಗಳು (ಕತ್ತರಿಸದೆ ನೇಯ್ಗೆಯಲ್ಲೇ ಮುಗಿದ ಅಂಚು) ಕೂಡಿದ್ದರೆ ಸಣ್ಣ ಅಗಲದ ಮಗ್ಗದಲ್ಲಿ ನೇಯ್ದ ಎರಡು ಪಟ್ಟಿಯನ್ನು ಸೇರಿಸಿರಬಹುದು. ಹೊರ ಅಂಚುಗಳಲ್ಲಿ ಕತ್ತರಿಸಿ ಮಡಿದ ಹೆಮ್ ಇದ್ದರೆ, ನಡುಭಾಗ ಸವೆದ ಮೇಲೆ ಉದ್ದಕ್ಕೆ ಸೀಳಿ, ಗಟ್ಟಿಯಾದ ಎರಡು ಬದಿಗಳನ್ನು ಒಳಕ್ಕೆ ತಿರುಗಿಸಿ ಹೊಲಿದದ್ದು. ಮಿಷನ್ ಹೊಲಿಗೆಯಿದ್ದರೆ ಆ ಹೊಲಿಗೆ 1850ರ ದಶಕಕ್ಕಿಂತ ಹಿಂದಿನದಾಗಿರುವುದು ಕಷ್ಟ, ಮನೆಗಳಿಗೆ ಹೊಲಿಗೆ ಮಿಷನ್ ಬಂದದ್ದು ಆಮೇಲೆ.

ಹಳೇಪೆಟ್ಟಿಗೆ:

ತುಂಬಾ ಧನ್ಯವಾದ. ಪರೀಕ್ಷೆ ಮಾಡಿದೆ. ಟೇಬಲ್ ಕ್ಲಾತ್ ಎಳೆ ಚೂಪಾಗಿ ತುಂಡಾಯಿತು, ಸುಟ್ಟಾಗ ಕಾಗದದ ವಾಸನೆ, ಬೂದಿ ಮೆತ್ತಗೆ. ದಿಂಬಿನ ಕವರ್ ಹತ್ತಿ ಅನ್ನಿಸುತ್ತದೆ. ಒಂದು ಕಲೆ ನಿಂಬೆಗೆ ತಿಳಿಯಾಯಿತು, ಇನ್ನೊಂದು ಹಾಗೇ ಇದೆ, ಬೆಳಕಿಗೆ ಹಿಡಿದರೆ ಸ್ವಲ್ಪ ಪಾರದರ್ಶಕ. ಕೆಂಪು ದಾರ ಸೋಪಿನ ನೀರಿಗೆ ಗುಲಾಬಿ ಬಿಟ್ಟಿತು, ಬರೀ ನೀರಿಗೆ ಬಿಡಲಿಲ್ಲ. ಉಪ್ಪು, ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಅನ್ನುತ್ತಾರಲ್ಲ, ಪ್ರಯತ್ನಿಸಲೇ? ಲೇಸ್ ಅಂಚಿನ ಬಟ್ಟೆಯನ್ನು ಬೇರೆ ಥರ ಒಗೆಯಬೇಕೇ? ಟೇಬಲ್ ಕ್ಲಾತ್ ಅಂಚಿನಲ್ಲಿ ಒಂದು ಕಡೆ 2 ಸೆಂ.ಮೀ. ತೆಳುವಾಗಿದೆ, ಇನ್ನೂ ಹರಿದಿಲ್ಲ.

ಬಿಸಿಲುಮಚ್ಚು:

ಉಪ್ಪು ವಿನೆಗರ್ ಬೇಡ. ಬಣ್ಣ ಹಾಕುವ ಹೊತ್ತಿನಲ್ಲಿ ಉಪ್ಪಿಗೆ ಕೆಲಸವಿದೆ, ಈಗಾಗಲೇ ಬಣ್ಣ ಹಾಕಿದ ಹತ್ತಿಯಲ್ಲಿ ಬಿಡುವ ಬಣ್ಣವನ್ನು ಎರಡೂ ಹಿಡಿದು ನಿಲ್ಲಿಸುವುದಿಲ್ಲ. ನಿಮ್ಮ ದಾರ ಬರೀ ನೀರಿಗೆ ಬಿಡಲಿಲ್ಲ ಅನ್ನುವುದೇ ದಾರಿ. ದಿಂಬಿನ ಕವರಿಗೆ ಸೋಪು, ಪರ್‌ಕಾರ್ಬೊನೇಟ್ ಎರಡೂ ಬೇಡ. ತಣ್ಣೀರಿನಲ್ಲಿ ಐದೈದು ನಿಮಿಷದಂತೆ ಮೂರು ಸಲ ಅದ್ದಿ ತೆಗೆದು, ಆಗಲೇ ಟವಲಿನಲ್ಲಿ ಒತ್ತಿ, ಅಕ್ಷರದ ಕೆಳಗೂ ಮೇಲೂ ಬಿಳಿ ಬಟ್ಟೆ ಇಟ್ಟು, ಫ್ಯಾನ್ ಕೆಳಗೆ ಚಪ್ಪಟೆಯಾಗಿ ಒಣಗಿಸಿ. ಬಣ್ಣ ಹರಡುವುದು ನಿಧಾನವಾಗಿ ಒಣಗುವಾಗ. ನಡುವೆ ಹರಡಿದ್ದು ಕಂಡರೆ ಒಣಗಲು ಬಿಡಬೇಡಿ, ತಣ್ಣೀರಿಗೆ ವಾಪಸು ಹಾಕಿ ನೀರು ಬದಲಿಸುತ್ತಾ ಇರಿ. ಉಳಿದ ಹಳದಿ ಇರಲಿ ಬಿಡಿ.

ಎರಡನೆಯ ಕಲೆ ಎಣ್ಣೆ. ನೀರು ತಾಗುವ ಮೊದಲು, ಒಣಗಿರುವಾಗಲೇ ಪಾತ್ರೆ ತೊಳೆಯುವ ದ್ರವ ಸೋಪು ಎರಡು ಹನಿ ಬೆರಳಲ್ಲಿ ಸವರಿ ಅರ್ಧ ಗಂಟೆ ಬಿಡಿ, ಆಮೇಲೆ ಬಿಸಿನೀರು. ಬಹಳ ಹಳೆಯ ಎಣ್ಣೆ ಗಾಳಿಗೆ ಗಟ್ಟಿಯಾಗಿ ವಾರ್ನಿಶ್ ಥರ ಆಗಿರುತ್ತದೆ, ಪೂರ್ತಿ ಹೋಗದಿರಬಹುದು. ಮೊದಲು ಎಣ್ಣೆ, ಆಮೇಲೆ ತುಕ್ಕು, ಎರಡೂ ಚೆನ್ನಾಗಿ ತೊಳೆದ ಮೇಲೆ ಪರ್‌ಕಾರ್ಬೊನೇಟ್.

ಲೇಸ್ ಬಟ್ಟೆಯನ್ನು ನೆಟ್ ಚೀಲದಲ್ಲಿ ಹಾಕಿ, ಅಗಲ ಬಾಯಿಯ ಪಾತ್ರೆಯಲ್ಲಿ ನೀರು ಬದಲಿಸುತ್ತಾ ಅಲುಗಿಸಿದರೆ ಸಾಕು, ಕೈಯಿಂದ ಹಿಸುಕಬೇಡಿ. ಒಣಗಿಸುವುದೇ ಅದರ ಮುಖ್ಯ ಕೆಲಸ. ಥರ್ಮೋಕೋಲ್ ಹಲಗೆಯ ಮೇಲೆ ಟವಲ್ ಹಾಸಿ, ನಡುವಿನಿಂದ ಹೊರಗೆ ಸರಿಪಡಿಸುತ್ತಾ, ಅಂಚಿನ ಒಂದೊಂದು ಸಣ್ಣ ಕುಣಿಕೆಗೂ ಒಂದೊಂದು ಪಿನ್. ಪಿನ್ ಸ್ಟೇನ್‌ಲೆಸ್ ಆಗಿರಲೇಬೇಕು, ಇಲ್ಲದಿದ್ದರೆ ಅಲ್ಲೇ ಹೊಸ ತುಕ್ಕು. ಹೀಗೆ ಒಣಗಿದ ಲೇಸಿಗೆ ಇಸ್ತ್ರಿಯ ಹಂಗಿಲ್ಲ.

ಟೇಬಲ್ ಕ್ಲಾತ್ ಇಸ್ತ್ರಿಗೆ ಲಿನನ್ ಇನ್ನೂ ಕೈಗೆ ತಣ್ಣಗೆ ತಾಗುವಷ್ಟು ತೇವವಿರಬೇಕು. ಪೂರ್ತಿ ಒಣಗಿದ್ದರೆ ನೀರು ಚಿಮುಕಿಸಿ ಸುರುಳಿ ಸುತ್ತಿ ಎರಡು ಗಂಟೆ ಇಡಿ. ಮೊದಲು ಹಿಂಬದಿ, ಆಮೇಲೆ ಮುಂಬದಿ, ಹೊಳಪು ಏಳುವುದು ಆಗಲೇ. ಕಸೂತಿ ಇರುವ ಕಡೆ ದಪ್ಪ ಟವಲ್ ಮೇಲೆ ಮಗುಚಿ ಹಾಕಿ ಹಿಂಬದಿಯಿಂದ ಮಾತ್ರ. ನೀಲಿ ಹಾಕುವ ಅಭ್ಯಾಸವಿದ್ದರೆ ಎಚ್ಚರ: ಕೆಲವು ದ್ರವ ನೀಲಿಗಳಲ್ಲಿರುವುದು ಪ್ರಷ್ಯನ್ ಬ್ಲೂ, ಅದೊಂದು ಕಬ್ಬಿಣದ ಸಂಯುಕ್ತ. ಸೋಪು ಸೋಡಾ ಉಳಿದ ಬಟ್ಟೆಗೆ ಅದು ತಾಗಿದರೆ ಒಡೆದು, ಕಬ್ಬಿಣ ಬಟ್ಟೆಯಲ್ಲೇ ಕೂತು ತುಕ್ಕಿನ ಚುಕ್ಕೆಗಳಾಗುತ್ತವೆ.

ಸೂಜಿದಾರ:

ತೆಳುವಾದ ಅಂಚನ್ನು ಒಗೆಯುವ ಮೊದಲೇ ಭದ್ರ ಮಾಡಿ. ಅದರ ಮೇಲೂ ಕೆಳಗೂ ತೆಳ್ಳನೆಯ ನೆಟ್ ಇಟ್ಟು, ಗಟ್ಟಿ ಭಾಗದಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಒಗೆಯಿರಿ. ಒಣಗಿದ ಮೇಲೆ ರಫು, ಅಂದರೆ ಸವೆದ ಜಾಗಕ್ಕೆ ಸೂಜಿಯಲ್ಲಿ ಎಳೆ ಹೆಣೆಯುವುದು.

ರಫುವಿಗೆ ದಾರ ಹೆಮ್ ಒಳಗಿನ ಎಳೆಯೇ ಶ್ರೇಷ್ಠ, ದಪ್ಪವೂ ಬಣ್ಣವೂ ತಾನಾಗಿ ಹೊಂದುತ್ತವೆ. ಇಲ್ಲದಿದ್ದರೆ ಬಟ್ಟೆಯ ಎಳೆಗಿಂತ ತುಸು ತೆಳುವಾದ ಹತ್ತಿ ಅಥವಾ ಲಿನನ್ ದಾರ. ಪಾಲಿಯೆಸ್ಟರ್ ದಾರ ಬೇಡ, ಅದು ಹಳೆಯ ನಾರಿಗಿಂತ ಗಟ್ಟಿ, ಎಳೆದಾಗ ದಾರ ಉಳಿದು ಬಟ್ಟೆ ಕತ್ತರಿಸುತ್ತದೆ. ತೆಳುವಾದ ಜಾಗದಿಂದ ಎಲ್ಲ ಕಡೆ 5–6 ಮಿ.ಮೀ. ಆಚೆಯಿಂದ ಶುರು ಮಾಡಿ, ಮೊದಲು ಹಾಸಿನ ದಿಕ್ಕಿನಲ್ಲಿ ಒಂದು ಎಳೆ ಮೇಲೆ ಒಂದು ಕೆಳಗೆ. ಸಾಲುಗಳು ಒಂದೇ ನೇರದಲ್ಲಿ ಮುಗಿಯಬಾರದು, ಹಿಂದೆಮುಂದೆ ಇರಲಿ. ಒಂದೇ ಗೆರೆಯಲ್ಲಿ ಮುಗಿದರೆ ಆ ಗೆರೆಯೇ ಹೊಸ ಹರಕಾಗುತ್ತದೆ. ಪ್ರತಿ ತಿರುವಿನಲ್ಲೂ 1 ಮಿ.ಮೀ. ಕುಣಿಕೆ ಬಿಡಿ, ದಾರ ಮುಂದೆ ಕುಗ್ಗಿದಾಗ ಅದು ಬೇಕಾಗುತ್ತದೆ. ಆಮೇಲೆ ಹೊಕ್ಕಿನ ದಿಕ್ಕಿನಲ್ಲಿ ಹೆಣೆಯಿರಿ.

ಅಂದ ಹಾಗೆ, ಹಿಂದಿನವರು ಮಾಡಿದ ರಫು ಸಿಕ್ಕರೆ ಭೂತಕನ್ನಡಿಯಲ್ಲಿ ನೋಡಿ. ಒಳ್ಳೆಯ ರಫುವಿನಲ್ಲಿ ಡಮಾಸ್ಕಿನ ಹೂವಿನ ಅಂಚು ಹೇಗೆ ಮೆಟ್ಟಿಲು ಮೆಟ್ಟಿಲಾಗಿ ಸಾಗಿದೆಯೋ ಹಾಗೆಯೇ ಸೂಜಿಯಲ್ಲಿ ಎಳೆ ಎಣಿಸಿ ಎತ್ತಿರುತ್ತಾರೆ. ಬೆರಳಿಗೆ ತುಸು ದಪ್ಪ ಅನ್ನಿಸುವುದು ಬಿಟ್ಟರೆ ಕಣ್ಣಿಗೆ ಸಿಗುವುದೇ ಇಲ್ಲ. ಅಂಥದ್ದನ್ನು ಬಿಚ್ಚಬಾರದು, ಇಡೀ ಬಟ್ಟೆಯಲ್ಲಿ ಅತ್ಯುತ್ತಮ ಕೆಲಸ ಅದೇ ಆಗಿರಬಹುದು.

ಕಂಚುಹಿತ್ತಾಳೆ:

ಬಟ್ಟಲು, ಸ್ಟ್ಯಾಂಡುಗಳ ಬಗ್ಗೆ.

ಕೂದಲೆಳೆ ಬಿರುಕು ಮೇಲಿನ ಗ್ಲೇಜಿನಲ್ಲಿ (ಗಾಜಿನಂಥ ಹೊಳಪಿನ ಲೇಪ) ಮಾತ್ರವೋ ಮೈಯೊಳಗೂ ಇದೆಯೋ ನೋಡಿ. ಬಟ್ಟಲನ್ನು ಅಂಗೈ ಮೇಲೆ ನಿಲ್ಲಿಸಿ, ಬೆರಳ ಗಿಣ್ಣಿನಿಂದ ಅಂಚಿಗೆ ತಟ್ಟಿ. ಗಂಟೆಯಂತೆ ನಾದ ಎಳೆದರೆ ಮೈ ಗಟ್ಟಿ, ಮಂಕಾಗಿ ಟಪ್ ಎಂದರೆ ಎಲ್ಲೋ ಒಡೆದಿದೆ. ಟಾರ್ಚನ್ನು ಒಳಗಿಟ್ಟರೆ ಬಿರುಕಿನ ದಾರಿ ಕಾಣುತ್ತದೆ. ಗ್ಲೇಜು ಬಿರಿದ ಪಾತ್ರೆ, ಮೈ ಗಟ್ಟಿಯಿದ್ದರೂ, ಊಟಕ್ಕೆ ಬೇಡ. ತೇವವೂ ಜಿಡ್ಡೂ ಬಿರುಕಿನಲ್ಲಿ ಇಳಿದು ಕಂದು ಗೆರೆಯಾಗಿ ಕೂರುತ್ತವೆ, ತೊಳೆದರೆ ಬರುವುದಿಲ್ಲ. ಹಳೆಯ ಗ್ಲೇಜು, ಒಳಮೈಯ ಬಣ್ಣದ ಚಿತ್ತಾರಗಳಲ್ಲಿ ಸೀಸವೂ ಇರಬಹುದು, ಹುಳಿಯೂ ಬಿಸಿಯೂ ಅದನ್ನು ಹೊರತೆಗೆಯುತ್ತವೆ. ಗುಂಡಿ, ದಾರದುಂಡೆ, ಬೀಗದಕೈ ಹಾಕಿಡಲು ಅದಕ್ಕಿಂತ ಚೆಂದದ ಬಟ್ಟಲು ಸಿಗದು.

ಸ್ಟ್ಯಾಂಡಿಗೆ ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಕಬ್ಬಿಣದ ಮೇಲೆ ಹಿತ್ತಾಳೆ ಲೇಪ, ತಿಕ್ಕಿದಷ್ಟೂ ಲೇಪ ಹೋಗುತ್ತದೆ. ಅಂಟದಿದ್ದರೂ ಸತುವಿನ ಎರಕದ ಮೇಲಿನ ಲೇಪವಿರಬಹುದು, ತಳದ ಗೀರಿನಲ್ಲಿ ಬೂದು ಬಣ್ಣ ಕಂಡರೆ ಅದು. ಗಟ್ಟಿ ಹಿತ್ತಾಳೆಯಾದರೆ ಗೀರಿನೊಳಗೂ ಹಳದಿಯೇ. ಕಪ್ಪು ಒಂದೇ ಸಮನಾಗಿರದೆ ತೇಪೆ ತೇಪೆಯಾಗಿ, ನಡುನಡುವೆ ಹೊಳಪು ಇದ್ದರೆ ಹಳೆಯ ಲ್ಯಾಕರ್ (ಹೊಳಪು ಉಳಿಯಲೆಂದು ಬಳಿದ ಪಾರದರ್ಶಕ ಲೇಪ) ಎದ್ದುಬರುತ್ತಿದೆ. ಮೊದಲು ಗಾಳಿಯಾಡುವ ಕಡೆ, ಬೆಂಕಿಯಿಂದ ದೂರದಲ್ಲಿ, ಅಸಿಟೋನಿನಿಂದ ಅದನ್ನು ಒರೆಸಿ ತೆಗೆಯಿರಿ. ಲ್ಯಾಕರ್ ಮೇಲೆ ಎಷ್ಟು ಪಾಲಿಷ್ ಹಾಕಿದರೂ ವ್ಯರ್ಥ.

ನಿಂಬೆ ಉಪ್ಪಿನಲ್ಲಿ ರಾತ್ರಿಯಿಡೀ ಮುಳುಗಿಸಿಡುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಹಿತ್ತಾಳೆಯಲ್ಲಿನ ಸತು ಹುಳಿಗೆ ಕರಗಿ ಹೋಗಿ ತಾಮ್ರ ಮಾತ್ರ ಮೇಲುಳಿಯುತ್ತದೆ, ಸ್ಟ್ಯಾಂಡು ಗುಲಾಬಿಯಾಗಿ ಕೂರುತ್ತದೆ. ಹಚ್ಚಿ, ಒಂದೆರಡು ನಿಮಿಷ ಉಜ್ಜಿ, ತೊಳೆದು, ಆಗಲೇ ಒರೆಸಿ. ಕೆತ್ತನೆಯ ತಗ್ಗಿನಲ್ಲಿರುವ ಕಪ್ಪನ್ನು ಬಿಡಿ, ಅದಿದ್ದರೇ ಚಿತ್ತಾರ ಎದ್ದು ಕಾಣುವುದು.

ಹಾಸುಹೊಕ್ಕು:

ಮುಂದಿನ ಸಲಕ್ಕೆ ಚೀಲದಲ್ಲಿ ಟೇಪು, ಸಣ್ಣ ಟಾರ್ಚು, ಅಯಸ್ಕಾಂತ, ಬಿಳಿ ಕರ್ಚೀಫು, ಸಾಧ್ಯವಾದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಕನ್ನಡಿ ಇರಲಿ. ಮನೆಯ ಮೇಜು, ಹಾಸಿಗೆ, ದಿಂಬಿನ ಅಳತೆ ಚೀಟಿಯಲ್ಲಿ ಬರೆದುಕೊಂಡಿರಿ. ಹಳೆಯ ಶೀಟುಗಳು ಇವತ್ತಿನ ಯಾವ ಅಳತೆಗೂ ಸರಿಯಾಗಿ ಕೂರುವುದಿಲ್ಲ, ಒಗೆದು ಒಗೆದು ಕುಗ್ಗಿಯೂ ಇರುತ್ತವೆ. ಟೇಬಲ್ ಕ್ಲಾತಿಗೆ ಮೇಜಿನ ಅಳತೆಯ ಮೇಲೆ ಪ್ರತಿ ಬದಿಗೂ 25–30 ಸೆಂ.ಮೀ. ಇಳಿಬೀಳುವಷ್ಟು ಬೇಕು.

ಯಾವ ಬಟ್ಟೆಯನ್ನೂ ಮಡಿಸಿದ ಸ್ಥಿತಿಯಲ್ಲಿ ಕೊಳ್ಳಬೇಡಿ. ಕಲೆ ಇರುವುದು ಒಳ ಮಡಿಕೆಯಲ್ಲಿ, ಅಂದವಾಗಿ ಕಾಣಲೆಂದು ಹಾಗೇ ಮಡಿಸಿರುತ್ತಾರೆ. ಪೂರ್ತಿ ಬಿಡಿಸಿ ಮೊದಲು ನಡುಭಾಗ, ಆಮೇಲೆ ಮಡಿಕೆ ಗೆರೆ, ಕೊನೆಗೆ ನಾಲ್ಕು ಮೂಲೆ. ನ್ಯಾಪ್ಕಿನ್‌ಗಳನ್ನು ಒಂದರ ಮೇಲೊಂದು ಇಟ್ಟು ಅಳೆಯಿರಿ, ಬೇರೆ ಬೇರೆ ಜತೆಯವನ್ನು ಸೇರಿಸಿರುವುದು ಆಗ ಗೊತ್ತಾಗುತ್ತದೆ. ಬೂಷ್ಟಿನ ಕಮಟು ಬಂದರೆ ಬಿಟ್ಟುಬಿಡಿ, ಅದು ಉಳಿದ ಬಟ್ಟೆಗೂ ಹಬ್ಬುತ್ತದೆ. ರೇಷ್ಮೆ ತುಂಡುಗಳ ಕೌದಿಯಲ್ಲಿ ರೇಷ್ಮೆ ಉದ್ದುದ್ದ ಗೀರಾಗಿ ಸೀಳಿದ್ದರೆ ಅದೂ ಬೇಡ. 19ನೇ ಶತಮಾನದ ಕೊನೆ, 20ನೇ ಶತಮಾನದ ಮೊದಲ ಭಾಗದಲ್ಲಿ ರೇಷ್ಮೆಯ ತೂಕ ಹೆಚ್ಚಿಸಲು ತವರದಂಥ ಲೋಹಗಳ ಲವಣ ತುಂಬುತ್ತಿದ್ದರು. ಅಂಥ ರೇಷ್ಮೆಯನ್ನು ನಿಲ್ಲಿಸುವ ಉಪಾಯ ಇಲ್ಲ, ಮುಟ್ಟಿದಷ್ಟೂ ಉದುರುತ್ತದೆ.

ತಿಗಣೆ, ನುಸಿಯ ಅನುಮಾನವಿದ್ದರೆ ಬಟ್ಟೆಯನ್ನು ಗಾಳಿ ಹೋಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮೈನಸ್ 18 ಡಿಗ್ರಿ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ತಣ್ಣನೆಯ ಬಟ್ಟೆಯ ಮೇಲೆ ಗಾಳಿಯ ತೇವ ನೀರಾಗಿ ಕೂರುತ್ತದೆ.

ಎತ್ತಿಡುವಾಗ ಗಂಜಿ ಬೇಡ. ಗಂಜಿ ಸಿಲ್ವರ್‌ಫಿಶ್ ಹುಳಕ್ಕೆ ಊಟ, ಮೇಲಾಗಿ ಗಂಜಿ ಹಾಕಿದ ಮಡಿಕೆ ಬೇಗ ಮುರಿಯುತ್ತದೆ. ಬಳಸುವ ಹಿಂದಿನ ದಿನ ಹಾಕಿದರಾಯಿತು. ಪ್ಲಾಸ್ಟಿಕ್ ಚೀಲ, ಬರಿಯ ಮರದ ಹಲಗೆ, ರಟ್ಟಿನ ಡಬ್ಬ ಮೂರೂ ಹಳದಿಗೆ ದಾರಿ. ಒಗೆದು ಒಗೆದು ಮೆತ್ತಗಾದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಹತ್ತಿ ಲಿನನ್‌ಗೆ ನುಸಿಗುಳಿಗೆಯ ಅಗತ್ಯವೇ ಇಲ್ಲ, ನುಸಿಯ ಹುಳ ತಿನ್ನುವುದು ಉಣ್ಣೆ, ರೇಷ್ಮೆ, ಗರಿ, ತುಪ್ಪಳ. ದೊಡ್ಡ ಟೇಬಲ್ ಕ್ಲಾತನ್ನು ಮಡಿಸುವ ಬದಲು ದಪ್ಪ ಕೊಳವೆಗೆ ಹತ್ತಿ ಬಟ್ಟೆ ಸುತ್ತಿ ಅದರ ಮೇಲೆ ಸುರುಳಿ ಮಾಡುವುದು ಒಳ್ಳೆಯದು. ಜಾಗವಿಲ್ಲದಿದ್ದರೆ ಮೂರು ತಿಂಗಳಿಗೊಮ್ಮೆ ಬಿಡಿಸಿ ಬೇರೆ ಗೆರೆಯಲ್ಲಿ ಮಡಿಸಿ: ಒಮ್ಮೆ ಅರ್ಧಕ್ಕೆ, ಮುಂದಿನ ಸಲ ಮೂರು ಪಾಲಾಗಿ, ಮಡಿಕೆಯೊಳಗೆ ಸುರುಳಿ ಸುತ್ತಿದ ಹತ್ತಿ ಬಟ್ಟೆಯಿಟ್ಟು.